ಜ್ವರ ಇಳಿದ ಮೇಲೆ ಉಳಿದ ನೋವು: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ ಹಾಗೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಗಳಿಗೆ,

ಮಾನ್ಯರೇ,

2006ರ ಬೇಸಿಗೆಯಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿದ್ದೆ. ನನ್ನ ಪಾಲಿಗೆ ನಾಲ್ಕು ಹಳ್ಳಿಗಳಿದ್ದವು. ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿ ಹೊರಟು ಮನೆ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ನಿಮ್ಮ ಮನೆಯಲ್ಲಿ ಜ್ವರ ಎಷ್ಟು ಜನಕ್ಕಿದೆ?’ ಬಾಯಿ ಬಿಟ್ಟು ಹೇಳುವ ಮೊದಲೇ ಉತ್ತರ ಜಗಲಿಯ ಮೇಲೆ ಕಾಣುತ್ತಿತ್ತು. ಯಜಮಾನ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದ. ಸೊಸೆ ಬೆರಳು ಮಡಿಸಲಾಗದೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದಳು. ಕೊಟ್ಟಿಗೆಯಲ್ಲಿ ಹಾಲು ಕರೆಯುವವರಿಲ್ಲದೆ ಹಸು ಕೂಗುತ್ತಿತ್ತು. ನಾನು ಸಿಮೆಂಟ್ ತೊಟ್ಟಿಗೆ ಟಾರ್ಚ್ ಬಿಟ್ಟು ಸೊಳ್ಳೆಯ ಲಾರ್ವಾ ಹುಡುಕುತ್ತಿದ್ದೆ, ಅದನ್ನು ಕೊಲ್ಲುವ ಅಬೇಟ್ ದ್ರಾವಣ ಸುರಿಯುತ್ತಿದ್ದೆ, ಪ್ಯಾರಾಸಿಟಮಾಲ್ ಹಂಚುತ್ತಿದ್ದೆ, ಸಂಜೆ ಕೇಂದ್ರಕ್ಕೆ ಬಂದು ಜ್ವರದ ಸಂಖ್ಯೆ ಬರೆಯುತ್ತಿದ್ದೆ.

ಆ ವರ್ಷ ನಮ್ಮ ರಾಜ್ಯದಲ್ಲಿ, ಸೊಳ್ಳೆಯಿಂದ ಹರಡುವ ಚಿಕೂನ್‌ಗುನ್ಯದ ಶಂಕಿತ ಪ್ರಕರಣಗಳು ಏಳೂವರೆ ಲಕ್ಷ ದಾಟಿದವು. ಇಡೀ ದೇಶದ ಲೆಕ್ಕ ಸುಮಾರು 14 ಲಕ್ಷ. ಅಂದರೆ ಅರ್ಧಕ್ಕಿಂತ ಹೆಚ್ಚು ರೋಗಿಗಳು ನಮ್ಮವರೇ. 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ ಕಾಣಿಸಿಕೊಂಡು ಮರೆಯಾಗಿದ್ದ ರೋಗ ಮೂವತ್ತೆರಡು ವರ್ಷಗಳ ಬಳಿಕ ಹಿಂತಿರುಗಿದಾಗ, ಅದರ ಭಾರವನ್ನು ಹೆಚ್ಚಾಗಿ ಹೊತ್ತದ್ದು ನೀರಿಗಾಗಿ ತೊಟ್ಟಿ, ಹಂಡೆ, ಡ್ರಮ್ಮುಗಳನ್ನು ವಾರಗಟ್ಟಲೆ ತುಂಬಿಟ್ಟುಕೊಳ್ಳಬೇಕಾದ ನಮ್ಮ ಬರಪೀಡಿತ ತಾಲ್ಲೂಕುಗಳು.

ನಾನು ಈ ಪತ್ರ ಬರೆಯುತ್ತಿರುವುದು ಜ್ವರದ ಬಗ್ಗೆ ಅಲ್ಲ. ಜ್ವರ ಒಂದು ವಾರದಲ್ಲಿ ಇಳಿಯಿತು. ಜ್ವರ ಇಳಿದವರ ಮನೆಗೆ ನಾನು ಮತ್ತೆ ಹೋಗಲಿಲ್ಲ. ಆರು ತಿಂಗಳು ಬಿಟ್ಟು, ವರ್ಷ ಬಿಟ್ಟು ಹೋಗಿ ‘ಕೈ ಮಡಿಸಲು ಬರುತ್ತದೆಯೇ’ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಆ ತಪ್ಪು ನನ್ನದು. ಅದನ್ನು ನನಗೆ ತೋರಿಸಿಕೊಟ್ಟವಳು ನನ್ನ ಸ್ವಂತ ಅಕ್ಕ.

ಅಕ್ಕನಿಗೆ ಆಗ ನಲವತ್ತೆಂಟು. ಜ್ವರ ಬಿಟ್ಟ ಮೇಲೂ ಅವಳ ಮಣಿಕಟ್ಟು, ಬೆರಳ ಗೆಣ್ಣು, ಹಿಮ್ಮಡಿಯ ಗಂಟುಗಳ ಊತ ಇಳಿಯಲಿಲ್ಲ. ಬೆಳಿಗ್ಗೆ ಎದ್ದರೆ ಎರಡು ಗಂಟೆ ಕೈ ಮರದ ಕೊರಡಿನಂತೆ ಬಿಗಿದಿರುತ್ತಿತ್ತು. ಮುದ್ದೆಯ ಕೋಲು ಹಿಡಿದು ಹಿಟ್ಟು ತೊಳಸಲು ಆಗದೆ ಎಂಟು ತಿಂಗಳು ಅವರ ಮನೆಯಲ್ಲಿ ಅನ್ನವೇ ನಡೆಯಿತು. ಕಡಲೆಕಾಯಿ ಬಿಡಿಸುವ ಕೂಲಿ ತಪ್ಪಿತು. ಹತ್ತಿರದ ಪಟ್ಟಣದಲ್ಲಿ ಒಬ್ಬರು ವಾರಕ್ಕೊಂದು ಸೂಜಿ ಕೊಡುತ್ತಿದ್ದರು, ಚೀಟಿಯಿಲ್ಲದ ಪೊಟ್ಟಣದಲ್ಲಿ ಬಿಳಿ ಮಾತ್ರೆಯನ್ನೂ ಕೊಡುತ್ತಿದ್ದರು. ಸೂಜಿ ಬಿದ್ದ ದಿನ ಅವಳು ಬಾವಿಯಿಂದ ನೀರು ಸೇದುವಷ್ಟು ಲವಲವಿಕೆಯಿಂದ ಇರುತ್ತಿದ್ದಳು, ಆರನೆಯ ದಿನಕ್ಕೆ ಮತ್ತೆ ಗೋಡೆ ಹಿಡಿಯುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗಾಯಿತು, ಚರ್ಮ ತೆಳುವಾಗಿ ಮುಟ್ಟಿದರೆ ಕಂದುವಂತಾಯಿತು, ರಕ್ತದಲ್ಲಿ ಸಕ್ಕರೆ ಏರಿತು. ಅದು ಊತವನ್ನು ಬೇಗ ಇಳಿಸುವ ಸ್ಟೀರಾಯ್ಡ್ ಎಂದು ಗುರುತಿಸಲು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವ ತಮ್ಮನಾದ ನನಗೇ ಎರಡು ವರ್ಷ ಬೇಕಾಯಿತು.

ಆಮೇಲೆ ಒಬ್ಬ ಸರ್ಕಾರಿ ವೈದ್ಯರು ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸದೆ ಹಂತ ಹಂತವಾಗಿ ಇಳಿಸಿದರು. ಹಾಗೆ ಮಾಡದಿದ್ದರೆ ಪ್ರಾಣಕ್ಕೇ ಅಪಾಯ ಎಂದು ನನಗೆ ತಿಳಿದದ್ದೇ ಆಗ. ಜೊತೆಗೆ ವಾರಕ್ಕೆ ಒಂದು ದಿನ ಮಾತ್ರ ನುಂಗುವ, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರು. ಮೂರನೆಯ ತಿಂಗಳಿಗೆ ಅಕ್ಕ ಮುದ್ದೆಯ ಕೋಲು ಹಿಡಿದಳು.

ಈ ಕಥೆಯನ್ನು ನಾನು ಬಹಳ ಕಡೆ ಹೇಳಿದ್ದೇನೆ. ಕೇಳಿದವರೆಲ್ಲ ಆ ಮಾತ್ರೆಯ ಹೆಸರು ಬರೆದುಕೊಡಿ ಎನ್ನುತ್ತಾರೆ. ಆಗೆಲ್ಲ ನನಗೆ ಭಯವಾಗುತ್ತದೆ. ಅಕ್ಕನಿಗೆ ಗುಣವಾದದ್ದು ಆ ಮಾತ್ರೆಯಿಂದಲೇ ಎಂದು ನಾನು ಹೇಗೆ ಹೇಳಲಿ? ಚಿಕೂನ್‌ಗುನ್ಯದ ಕೀಲುನೋವು ಎಷ್ಟೋ ಜನರಲ್ಲಿ ವರ್ಷ, ಎರಡು ವರ್ಷಕ್ಕೆ ತಾನಾಗಿಯೇ ಇಳಿಯುತ್ತದೆ. ಅವಳದೂ ಇಳಿಯುವ ಕಾಲಕ್ಕೇ ಮಾತ್ರೆ ಸಿಕ್ಕಿರಬಹುದು. ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟನ್ನು ತಪ್ಪು ತಿಳಿದು ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು, ಫೋಲಿಕ್ ಆ್ಯಸಿಡ್ ಜೊತೆಗಿರಬೇಕು, ಗರ್ಭಿಣಿಯರು ಮುಟ್ಟುವಂತಿಲ್ಲ. ಒಬ್ಬ ಅಕ್ಕನ ಅನುಭವದ ಮೇಲೆ ಒಂದು ಜಿಲ್ಲೆಗೆ ಔಷಧ ಬರೆಯಲಾಗದು. ಅದಕ್ಕೆ ಸರಿಯಾದ ಪರೀಕ್ಷೆ ನಡೆಯಬೇಕು. ಆ ಪರೀಕ್ಷೆಯನ್ನು ಕರ್ನಾಟಕದಲ್ಲಿ, ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ, ಸರ್ಕಾರದ ಹಣದಲ್ಲಿ ನಡೆಸಿ ಎಂದು ಕೇಳುವುದಕ್ಕಾಗಿ ಈ ಪತ್ರ.

ಈ ಕೀಲುನೋವಿನ ಹಿಂದಿರುವುದು ಉರಿಯೂತ. ಉರಿಯೂತ ಎಂದರೆ ದೇಹ ತನ್ನನ್ನು ಕಾಯಲು ಹಚ್ಚುವ ಬೆಂಕಿ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುತ್ತದಲ್ಲ, ಅದೇ. ಕೆಲಸ ಮುಗಿದ ಮೇಲೆ ಆ ಬೆಂಕಿ ಆರಬೇಕು. ಚಿಕೂನ್‌ಗುನ್ಯ ಬಂದ ಎಷ್ಟೋ ಜನರ ಕೀಲುಗಳಲ್ಲಿ ಅದು ಆರುವುದಿಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005-06ರಲ್ಲಿ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೆ ಈ ರೋಗ ಬಂತು. ಅಲ್ಲಿನ ವೈದ್ಯರು 88 ರೋಗಿಗಳನ್ನು ಒಂದೂವರೆ ವರ್ಷದ ನಂತರ ಮತ್ತೆ ವಿಚಾರಿಸಿದರು. ಸುಮಾರು ಮೂರನೇ ಎರಡು ಭಾಗದಷ್ಟು ಜನ ಇನ್ನೂ ಕೀಲುನೋವು ಅನುಭವಿಸುತ್ತಿದ್ದರು. ಅವರು ಆಸ್ಪತ್ರೆಗೆ ಬಂದಿದ್ದ ರೋಗಿಗಳು, ಆದ್ದರಿಂದ ಊರಿನ ಎಲ್ಲರ ಲೆಕ್ಕ ಅದಕ್ಕಿಂತ ಕಡಿಮೆಯೇ ಇದ್ದೀತು. ಆದರೂ ನಮ್ಮ ಏಳೂವರೆ ಲಕ್ಷಕ್ಕೆ ಅದರ ಕಾಲು ಭಾಗವನ್ನು ಹಚ್ಚಿ ನೋಡಿದರೂ ಒಂದು ಲಕ್ಷ ದಾಟುತ್ತದೆ.

ಬೆಂಕಿ ಯಾಕೆ ಆರುವುದಿಲ್ಲ ಎಂಬುದರಲ್ಲೇ ಚಿಕಿತ್ಸೆಯ ಗುಟ್ಟಿದೆ, ಆದ್ದರಿಂದ ಸ್ವಲ್ಪ ಸಹನೆಯಿಂದ ಓದಿ ಎಂದು ಕೇಳಿಕೊಳ್ಳುತ್ತೇನೆ. 2010ರಲ್ಲಿ ರಿಯೂನಿಯನ್ ತಂಡವೊಂದು, ರೋಗ ಬಂದು ಹದಿನೆಂಟು ತಿಂಗಳಾಗಿದ್ದ ಒಬ್ಬ ರೋಗಿಯ ಕೀಲಿನ ಒಳಪೊರೆಯ ಜೀವಕೋಶಗಳಲ್ಲಿ ವೈರಸ್‌ನ ಅಂಶಗಳು ಇನ್ನೂ ಉಳಿದಿದ್ದವು ಎಂದು ತೋರಿಸಿತು. 2018ರಲ್ಲಿ ಕೊಲಂಬಿಯಾದ 38 ರೋಗಿಗಳ ಕೀಲಿನ ದ್ರವವನ್ನು, ರೋಗ ಬಂದು ಹೆಚ್ಚುಕಡಿಮೆ ಎರಡು ವರ್ಷದ ಹೊತ್ತಿಗೆ ಪರೀಕ್ಷಿಸಿದಾಗ ವೈರಸ್ ಸಿಗಲಿಲ್ಲ. ವೈರಸ್ ಇನ್ನೂ ಒಳಗಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುವಾಗ ಎರಡು ಬಾರಿ ಯೋಚಿಸಬೇಕು. ವೈರಸ್ ಹೋಗಿ ದೇಹದ ಬೆಂಕಿ ಮಾತ್ರ ಉಳಿದಿದ್ದರೆ, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟಿನಂಥ ಔಷಧ ಸಹಜವಾದ ಆಯ್ಕೆ. ನಮ್ಮ ವೈದ್ಯರು ಇವೆರಡರ ನಡುವೆ ನಿಂತು, ಪ್ರತಿಯೊಬ್ಬ ರೋಗಿಯ ಮುಂದೆ ಒಬ್ಬೊಬ್ಬರೇ ನಿರ್ಧರಿಸಬೇಕಾಗಿದೆ.

ಪ್ರಯೋಗಗಳು ನಡೆದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಪುಣೆಯ ತಂಡವೊಂದು 70 ರೋಗಿಗಳಲ್ಲಿ ರೋಗದ ಆರಂಭದಲ್ಲೇ ಮಲೇರಿಯಾ ಔಷಧವಾದ ಕ್ಲೋರೊಕ್ವಿನ್ ಮತ್ತು ನೋವಿನ ಔಷಧವಾದ ಮೆಲಾಕ್ಸಿಕ್ಯಾಮ್‌ಗಳನ್ನು ಹೋಲಿಸಿ ನೋಡಿತು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕ್ಲೋರೊಕ್ವಿನ್‌ನಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಅದು ದೊಡ್ಡ ಉಪಕಾರ, ಏಕೆಂದರೆ ಅಷ್ಟರಲ್ಲಿ ಕ್ಲೋರೊಕ್ವಿನ್ ಅನ್ನು ನಂಬಿ ನುಂಗುತ್ತಿದ್ದವರು ಬಹಳ ಜನ. ಕೇರಳದ ಕೋಯಿಕ್ಕೋಡಿನಲ್ಲಿ ಹಳೆಯ ಕೀಲುಬಾವಿನ 72 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕ್ಲೋರೊಕ್ವಿನ್‌ನ ಹತ್ತಿರದ ಔಷಧವಾದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರ, ಇನ್ನೊಂದಕ್ಕೆ ಮೆಥೊಟ್ರೆಕ್ಸೇಟ್, ಸಂಧಿವಾತದ ಇನ್ನೊಂದು ಮಾತ್ರೆಯಾದ ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮೂರನ್ನೂ ಕೊಟ್ಟರು. 24 ವಾರಗಳಲ್ಲಿ ಮೂರೂ ಪಡೆದವರ ನೋವು ಮತ್ತು ನಿತ್ಯದ ಕೆಲಸಕ್ಕಾಗುವ ತೊಂದರೆ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಇದು 2017ರಲ್ಲಿ ಪ್ರಕಟವಾಯಿತು. ಯಾರಿಗೆ ಯಾವ ಮಾತ್ರೆ ಎಂಬುದು ರೋಗಿಗೂ ಗೊತ್ತಿತ್ತು, ವೈದ್ಯರಿಗೂ ಗೊತ್ತಿತ್ತು. ಹಾಗೆ ಗೊತ್ತಿದ್ದಾಗ ನೋವಿನ ಅಂದಾಜು ಜಾರುತ್ತದೆ. ಆದರೂ ದೀಪದ ಹಾಗೆ ದಾರಿ ತೋರಿಸುವ ಕೆಲಸ ಅದು. ನೆರೆ ರಾಜ್ಯದ ಆ ವೈದ್ಯರಿಗೆ ಕೈಮುಗಿಯುತ್ತೇನೆ. ಆ ದೀಪ ಹಿಡಿದು ಮುಂದಿನ ಹೆಜ್ಜೆ ಇಡಬೇಕಾದವರು, ಅತಿ ಹೆಚ್ಚು ರೋಗಿಗಳಿದ್ದ ನಾವು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಅದೇ 2006ರಲ್ಲಿ ಕೇಂದ್ರ ಸರ್ಕಾರ ದನಕರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ನೋವು ಮತ್ತು ಬಾವಿಗೆ ಕೊಡುವ ಔಷಧ ಅದು, ನಮ್ಮ ಹಳ್ಳಿಗಳಲ್ಲಿ ಜ್ವರದವರಿಗೆ ಸೂಜಿಯಲ್ಲಿ ಬೀಳುತ್ತಿದ್ದದ್ದೂ ಅದೇ. ಆ ಔಷಧ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆ ಎಂದು 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆ ಸಾಬೀತುಮಾಡಿತ್ತು. ಎರಡೇ ವರ್ಷದಲ್ಲಿ ನಿಷೇಧ ಬಂತು. ಅದರ ಜಾಗಕ್ಕೆ ಮೆಲಾಕ್ಸಿಕ್ಯಾಮ್ ಸುರಕ್ಷಿತ ಎಂಬುದನ್ನೂ ಪರೀಕ್ಷಿಸಿ ತೋರಿಸಿದರು. ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿಗಳು ದನದ ಕೊಟ್ಟಿಗೆಗೆ ಹೋಗುತ್ತಿವೆ ಎಂದು 2015ರಲ್ಲಿ ಆ ಸೂಜಿಮದ್ದಿನ ಬಾಟಲಿಯನ್ನೂ 3 ಮಿಲಿ ಲೀಟರಿಗೆ ಇಳಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಬಂಡೆಯ ಸಂದಿಯಿಂದ ರೆಕ್ಕೆ ಬಿಚ್ಚುವ ಹದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವುಗಳಿಗೆ ಸಿಕ್ಕ ನ್ಯಾಯದ ಬಗ್ಗೆ ನನಗೆ ಮನಸ್ಸು ತುಂಬಿದ ಸಂತೋಷವಿದೆ. ಒಂದು ಸರಿಯಾದ ಪ್ರಶ್ನೆ, ಒಂದು ಸರಿಯಾದ ಪರೀಕ್ಷೆ, ಅದಕ್ಕೆ ಕಿವಿಗೊಟ್ಟ ಸರ್ಕಾರ, ಮೂರೂ ಒಂದೆಡೆ ಸೇರಿದರೆ ಏನಾಗಬಹುದು ಎಂಬುದಕ್ಕೆ ಅದೇ ಸಾಕ್ಷಿ. ಅದೇ ಮದ್ದನ್ನು ವರ್ಷಗಟ್ಟಲೆ ನುಂಗಿದ ನಮ್ಮ ಕೂಲಿ ಹೆಂಗಸರ ಹೊಟ್ಟೆ ಏನಾಯಿತು, ಮೂತ್ರಪಿಂಡ ಏನಾಯಿತು ಎಂದು ನನ್ನ ನಾಲ್ಕು ಹಳ್ಳಿಗಳಿಗೆ ಬಂದು ಯಾರೂ ಕೇಳಲಿಲ್ಲ.

ಅಗ್ಗದ, ಹಳೆಯ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುವುದು ಸಾಧ್ಯವೇ ಎಂದು ನೀವು ಕೇಳಬಹುದು. 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕೋವಿಡ್ ರೋಗಿಗಳ ಮೇಲೆ ‘ರಿಕವರಿ’ ಎಂಬ ಪ್ರಯೋಗ ಶುರುವಾಯಿತು. 2,104 ಜನರಿಗೆ ದಿನಕ್ಕೆ 6 ಮಿಲಿ ಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು, ಕೊಡದ 4,321 ಜನರೊಂದಿಗೆ ಹೋಲಿಸಿದರು. ಯಾರಿಗೆ ಕೊಡಬೇಕು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತಿತ್ತು. ಜೂನ್ 16ಕ್ಕೆ ಫಲಿತಾಂಶ ಬಂತು: ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದು ಭಾಗ ಕಡಿಮೆಯಾಯಿತು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೇ ಒಂದು ಭಾಗ. ಆಮ್ಲಜನಕ ಬೇಕಿಲ್ಲದವರಿಗೆ ಮಾತ್ರ ಲಾಭವೇ ಆಗಲಿಲ್ಲ. ಈ ಕೊನೆಯ ವಾಕ್ಯವನ್ನು ನಾವು ಎಷ್ಟು ಮಂದಿ ಓದಿದೆವು? 2021ರ ಎರಡನೆಯ ಅಲೆಯಲ್ಲಿ ಮನೆಯಲ್ಲೇ ಇದ್ದವರು ಸಣ್ಣ ಜ್ವರಕ್ಕೂ ಸ್ಟೀರಾಯ್ಡ್ ನುಂಗಿದರು. ಮಧುಮೇಹ ಇದ್ದವರಲ್ಲಿ ಕಪ್ಪು ಶಿಲೀಂಧ್ರ ಕಣ್ಣುಗಳನ್ನೇ ಕಿತ್ತುಕೊಂಡಾಗ ಅದರ ಹಿಂದೆ ಈ ದುರ್ಬಳಕೆಯೂ ಇತ್ತು. ಯಾರಿಗೆ ಕೊಡಬೇಕು ಎಂಬುದರಷ್ಟೇ ಯಾರಿಗೆ ಕೊಡಬಾರದು ಎಂಬುದನ್ನೂ ಪರೀಕ್ಷೆಯೇ ಹೇಳಬೇಕು. ಚಿಕೂನ್‌ಗುನ್ಯದ ಕೀಲುನೋವಿಗೆ ಸ್ಟೀರಾಯ್ಡ್ ಎಷ್ಟು ದಿನ, ಎಷ್ಟು ಪ್ರಮಾಣ, ಯಾರಿಗೆ ಎಂಬ ಪ್ರಶ್ನೆಗಳಿಗೂ ಇದೇ ಮಾತು ಸಲ್ಲುತ್ತದೆ.

ಸ್ಟೀರಾಯ್ಡ್ ಇಂಥ ಪಾಠ ಕಲಿಸಿದ್ದು ಇದು ಮೊದಲಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. ಎರಡೇ ವರ್ಷಕ್ಕೆ ನೊಬೆಲ್ ಬಹುಮಾನ ಬಂತು. 1954ರಲ್ಲಿ ಬ್ರಿಟನ್ನಿನ ವೈದ್ಯರು ಹೊಸದಾಗಿ ಸಂಧಿವಾತ ಬಂದ ಅರವತ್ತರಷ್ಟು ರೋಗಿಗಳಲ್ಲಿ ಕಾರ್ಟಿಸೋನ್ ಮತ್ತು ಮಾಮೂಲಿ ಆ್ಯಸ್ಪಿರಿನ್ ಎರಡನ್ನೂ ಹೋಲಿಸಿ ನೋಡಿದಾಗ ಒಂದು ವರ್ಷದ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸೂಜಿ ಬಿದ್ದ ದಿನ ನೀರು ಸೇದಿದ ನನ್ನ ಅಕ್ಕನನ್ನು ಆ ಹೋಲಿಕೆಯ ಪಕ್ಕದಲ್ಲಿಟ್ಟು ನೋಡಿ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ನಾನು ವೈದ್ಯನಲ್ಲ, ವಿಜ್ಞಾನಿಯಲ್ಲ. ಮನೆ ಮನೆ ತಿರುಗಿದ ಅನುಭವದಿಂದ ಹೇಳುತ್ತಿದ್ದೇನೆ.

ರಾಜ್ಯದ ಪ್ರತಿಯೊಬ್ಬ ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಯೂ ಒಂದು ಸಂಶೋಧನಾ ಪ್ರಬಂಧ ಬರೆಯಲೇಬೇಕು. ಒಬ್ಬರು ಐವತ್ತು ರೋಗಿಗಳನ್ನು ನೋಡುತ್ತಾರೆ, ಇನ್ನೊಬ್ಬರು ಅರವತ್ತು. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಶ್ರಮಪಟ್ಟು ಬರೆದದ್ದು ಗ್ರಂಥಾಲಯದ ಕಪಾಟು ಸೇರುತ್ತದೆ. ಕುಲಪತಿಗಳೇ, ಈ ಶ್ರಮವನ್ನು ಒಂದೇ ನೇಗಿಲಿಗೆ ಹೂಡಲು ಸಾಧ್ಯವಿಲ್ಲವೇ? ತುಮಕೂರು, ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ, ಕಲಬುರಗಿ, ಬೀದರ್ ಕಡೆಯ ಕಾಲೇಜುಗಳು ಮತ್ತು ಜಿಲ್ಲಾ ಆಸ್ಪತ್ರೆಗಳು ಒಂದೇ ಪ್ರಶ್ನೆ, ಒಂದೇ ನಮೂನೆ, ಒಂದೇ ಅಳತೆಯಲ್ಲಿ ಕೆಲಸ ಮಾಡಿದರೆ 70 ರೋಗಿಗಳ ಜಾಗದಲ್ಲಿ 700 ಸಿಗುತ್ತಾರೆ. ಔಷಧದ ಖರ್ಚಿನ ಚಿಂತೆ ಬೇಡ. ಮೆಥೊಟ್ರೆಕ್ಸೇಟ್, ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮೂರೂ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಹಕ್ಕುಸ್ವಾಮ್ಯ ಮುಗಿದ ಈ ಔಷಧಗಳಿಂದ ದೊಡ್ಡ ಲಾಭವಿಲ್ಲ, ಆದ್ದರಿಂದ ಯಾವ ಕಂಪನಿಯೂ ಇವುಗಳ ಪರೀಕ್ಷೆಗೆ ಹಣ ಹಾಕಲು ಮುಂದೆ ಬರುವುದಿಲ್ಲ. ಸರ್ಕಾರವಲ್ಲದೆ ಇದಕ್ಕೆ ಬೇರೆ ದಿಕ್ಕಿಲ್ಲ.

ನೋವನ್ನು ಅಳೆಯುವಾಗ ನಮ್ಮ ಜನರ ಕೆಲಸದಿಂದ ಅಳೆಯಿರಿ. ಹೊರದೇಶದ ನಮೂನೆಗಳಲ್ಲಿ ಸ್ನಾನದ ತೊಟ್ಟಿಗೆ ಇಳಿಯಬಲ್ಲಿರಾ ಎಂದು ಕೇಳುತ್ತಾರೆ. ನಮ್ಮಲ್ಲಿ ಕೇಳಬೇಕಾದದ್ದು: ಹಾಲು ಕರೆಯಲು ಆಗುತ್ತದೆಯೇ, ಕುಕ್ಕರಗಾಲಲ್ಲಿ ಕೂತು ಏಳಲು ಆಗುತ್ತದೆಯೇ, ಹಿಟ್ಟು ತೊಳಸಲು, ಒದ್ದೆ ಸೀರೆ ಹಿಂಡಲು, ಹೂ ಕಟ್ಟಲು ಬರುತ್ತದೆಯೇ, ಈ ತಿಂಗಳು ಎಷ್ಟು ದಿನ ಕೂಲಿ ತಪ್ಪಿತು. ನೋವು ಬಂದು ಹೋಗಿ ಮಾಡುವ ರೋಗ ಇದು, ಆದ್ದರಿಂದ ಕನಿಷ್ಠ ಎರಡು ವರ್ಷ ಜೊತೆಗಿರಿ.

ಪ್ರಯೋಗ ಎಂದರೆ ಜನ ಹೆದರುತ್ತಾರೆ, ಹೆದರುವುದಕ್ಕೆ ಕಾರಣಗಳೂ ಇವೆ. ಬಡವರಿಗೆ ತಿಳಿಸದೆ ಔಷಧ ಪ್ರಯೋಗ ಮಾಡಿದ ದೂರುಗಳು ಸುಪ್ರೀಂ ಕೋರ್ಟಿನವರೆಗೆ ಹೋದ ದೇಶ ನಮ್ಮದು. ಈಗ ನಿಯಮಗಳು ಬಿಗಿಯಾಗಿವೆ. ಪ್ರತಿ ಪ್ರಯೋಗವನ್ನೂ ರಾಷ್ಟ್ರೀಯ ನೋಂದಣಿಯಲ್ಲಿ ಮೊದಲೇ ದಾಖಲಿಸಬೇಕು ಎಂಬುದು 2009ರಿಂದ ಕಡ್ಡಾಯ. 2019ರ ಹೊಸ ನಿಯಮಗಳಲ್ಲಿ ಹಾನಿಯಾದರೆ ಪರಿಹಾರದ ವಿಧಿಯಿದೆ, ಈಗಾಗಲೇ ಬಳಕೆಯಲ್ಲಿರುವ ಔಷಧವನ್ನು ಕಾಲೇಜುಗಳು ಶೈಕ್ಷಣಿಕ ಉದ್ದೇಶಕ್ಕೆ ಪರೀಕ್ಷಿಸಲು ನೈತಿಕ ಸಮಿತಿಯ ಒಪ್ಪಿಗೆಯ ದಾರಿಯೂ ಇದೆ. ಕಾಗದದ ನಿಯಮಕ್ಕೆ ಜೀವ ಬರುವುದು ಒಪ್ಪಿಗೆ ಪತ್ರದ ಭಾಷೆಯಲ್ಲಿ. ಅದನ್ನು ನನ್ನ ಅಕ್ಕನಿಗೆ ಓದಿ ಹೇಳಿದರೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ. ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಮಾತು ಮೊದಲ ಸಾಲಿನಲ್ಲಿರಲಿ. ಆಸ್ಪತ್ರೆಗೆ ಬಂದ ದಿನದ ಬಸ್ ಚಾರ್ಜು ಮತ್ತು ಕೂಲಿಯನ್ನು ಅಂದೇ ಕೈಗೆ ಕೊಡಿ. ಫಲಿತಾಂಶ ಏನೇ ಬಂದರೂ, ಔಷಧ ಕೆಲಸ ಮಾಡಲಿಲ್ಲ ಎಂದೇ ಬಂದರೂ, ಭಾಗವಹಿಸಿದವರ ಊರಿಗೆ ಹೋಗಿ ಗ್ರಾಮಸಭೆಯಲ್ಲಿ ಹೇಳಿ.

ಇದಕ್ಕೆಲ್ಲ ಮೊದಲು ಆಗಬಹುದಾದ ಸಣ್ಣ ಕೆಲಸ ಒಂದಿದೆ. ಗೃಹ ಆರೋಗ್ಯ ಯೋಜನೆಯಲ್ಲಿ ನಿಮ್ಮ ಸಿಬ್ಬಂದಿ ಮನೆ ಬಾಗಿಲಿಗೆ ಹೋಗಿ ರಕ್ತದೊತ್ತಡ, ಸಕ್ಕರೆ ನೋಡುತ್ತಿದ್ದಾರೆ. ಆ ನಮೂನೆಗೆ ಎರಡು ಪ್ರಶ್ನೆ ಸೇರಿಸಿ: ಚಿಕೂನ್‌ಗುನ್ಯ ಬಂದಿತ್ತೇ, ಬಂದು ಮೂರು ತಿಂಗಳಾದ ಮೇಲೂ ಕೀಲು ನೋಯುತ್ತಿತ್ತೇ. ಮಳೆಗಾಲ ಬಂದರೆ ಈ ಜ್ವರ ಇಂದಿಗೂ ನಮ್ಮ ಜಿಲ್ಲೆಗಳಲ್ಲಿ ತಲೆ ಎತ್ತುತ್ತದೆ. ಹೊಸದಾಗಿ ನರಳುವವರ ಹೆಸರು ಈಗಲೇ ಪಟ್ಟಿಗೆ ಬಂದರೆ, ಪ್ರಯೋಗ ಶುರುವಾಗುವ ದಿನ ರೋಗಿಗಳನ್ನು ಹುಡುಕಿಕೊಂಡು ಅಲೆಯಬೇಕಾಗುವುದಿಲ್ಲ.

2006ರಲ್ಲಿ ಸಂಜೆ ವರದಿ ಕೊಡುವ ಮೊದಲು ನಾನು ನನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಮನೆ, ವಯಸ್ಸು, ಜ್ವರ ಬಂದ ತಾರೀಕು, ಯಾವ ಕೀಲು. ಉದ್ದನೆಯ ಹಾಳೆಯ ಎರಡು ಪುಸ್ತಕಗಳು, ಈಗಲೂ ಮನೆಯ ಟ್ರಂಕಿನಲ್ಲಿವೆ. ಕಳೆದ ತಿಂಗಳು ತೆಗೆದು ನೋಡಿದೆ, ಶಾಯಿ ಸ್ವಲ್ಪ ಹರಡಿದೆ, ಓದಲು ಬರುತ್ತದೆ. ಆ ಮನೆಗಳ ದಾರಿ ನನಗೆ ಮರೆತಿಲ್ಲ. ನಿಮ್ಮ ಕಾಲೇಜಿನಿಂದ ಒಬ್ಬ ವಿದ್ಯಾರ್ಥಿಯನ್ನು ಕಳಿಸಿ, ಪುಸ್ತಕ ಹಿಡಿದು ನಾನು ಜೊತೆಗೆ ಬರುತ್ತೇನೆ.

ಇಂತಿ ನಿಮ್ಮ ವಿಧೇಯ,
ನಿವೃತ್ತ ಆರೋಗ್ಯ ಸಹಾಯಕ
ತುಮಕೂರು ಜಿಲ್ಲೆ